ಬಾಣಂತನ ಯಾರ ಪಾಲಿಗೆ?

(ಕ್ಯಾರಿಯಲ್ಲಿ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ಮಾತಿಗೆ ನಾನು ಆರಿಸಿಕೊಂಡ ವಿಷಯ ಬಾಣಂತನ. ಹೆರಿಗೆಯ ಆನಂತರ ತಾಯಿಗೆ ಸಲ್ಲುವ ವಿಶ್ರಾಂತಿ, ಎಣ್ಣೆ ನೀರು, ಪಥ್ಯದ ಊಟ, ಬಳಿಯಲ್ಲಿ ಕುಳಿತು ವಿಚಾರಿಸುವ ಹಿರಿಯರು, ಇಷ್ಟೂ ಈ ಒಂದು ಪದದಲ್ಲಿ ಅಡಗಿವೆ. ಕ್ಯಾರಿಯ ನಮ್ಮ ಮನೆಗಳಲ್ಲಿ ಈ ಸಂಪ್ರದಾಯ ಅಳಿದಿಲ್ಲ. ಮಗಳಿಗೋ ಸೊಸೆಗೋ ದಿನ ತುಂಬುವ ಹೊತ್ತಿಗೆ ಮೆಂತ್ಯ, ಕೊಬ್ಬರಿ, ಅಂಟುಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹಿರಿಯ ತಾಯಂದಿರು ರಾಲಿ-ಡರ್ಹಮ್ ವಿಮಾನ ನಿಲ್ದಾಣಕ್ಕೆ ಬಂದಿಳಿಯುತ್ತಾರೆ. ವೀಸಾ, ಟಿಕೆಟಿನ ಹಣ, ರಜೆ, ಆರೋಗ್ಯ ವಿಮೆ ಇರುವುದರಿಂದ ನಮಗಿದು ಸಾಧ್ಯವಾಗಿದೆ. ಇವಾವುವೂ ಇಲ್ಲದ ಬಡ ತಾಯಿಯ ಗತಿಯೇನು ಎಂಬುದೇ ನನ್ನ ಪ್ರಶ್ನೆ.

ಮಗು ಕ್ಷೇಮವಾಗಿ ಹುಟ್ಟಿತೆಂದರೆ ಗಂಡಾಂತರ ಕಳೆಯಿತು ಎಂದು ನಾವು ಭಾವಿಸುತ್ತೇವೆ. ಅಂಕಿಅಂಶಗಳು ಬೇರೆಯೇ ಮಾತನ್ನು ಹೇಳುತ್ತವೆ. 2017ರಿಂದ 2019ರ ಅವಧಿಯಲ್ಲಿ ಅಮೆರಿಕದ 36 ರಾಜ್ಯಗಳಲ್ಲಿ ಸಂಭವಿಸಿದ ತಾಯಂದಿರ ಸಾವುಗಳ ಪರಿಶೀಲನೆಯನ್ನು ಇಲ್ಲಿಯ ರೋಗ ನಿಯಂತ್ರಣ ಕೇಂದ್ರವು 2022ರಲ್ಲಿ ಪ್ರಕಟಿಸಿತು. ಅದರಂತೆ, ಶೇಕಡಾ 53ರಷ್ಟು ಸಾವುಗಳು ಸಂಭವಿಸಿದ್ದು ಹೆರಿಗೆಯಾಗಿ ಒಂದು ವಾರ ಕಳೆದ ಮೇಲೆ, ವರ್ಷ ತುಂಬುವುದರೊಳಗೆ. ಶೇಕಡಾ 80ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಾಗಿತ್ತು. ರಕ್ತಸ್ರಾವ, ಸೋಂಕು, ಏರಿದ ರಕ್ತದೊತ್ತಡ, ಹೃದಯದ ತೊಂದರೆ, ಮನಸ್ಸನ್ನು ಕವಿಯುವ ಖಿನ್ನತೆ: ಇವೆಲ್ಲ ತಾಯಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಕಾಡಬಲ್ಲವು.

ನಾವು ನೆಲೆಸಿರುವ ನಾರ್ತ್ ಕೆರೊಲಿನಾದಲ್ಲಿ ಬಡ ಗರ್ಭಿಣಿಯರಿಗೆ ಸರ್ಕಾರದ ಮೆಡಿಕೇಡ್ ವಿಮೆ ಬಹುಕಾಲದಿಂದ ಇದೆ. ಆದರೆ ಹೆರಿಗೆಯಾದ 60 ದಿನಗಳ ಬಳಿಕ ಅದು ನಿಂತುಹೋಗುತ್ತಿತ್ತು. 2022ರ ಏಪ್ರಿಲ್ 1ರಿಂದ ಆ ಅವಧಿಯನ್ನು 12 ತಿಂಗಳಿಗೆ ಹೆಚ್ಚಿಸಲಾಯಿತು. ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ವೈದ್ಯರ ಬಳಿಗೆ ಹೋಗಲು ಬಿಡುವೂ ಬೇಕಲ್ಲವೇ? 1993ರ ಒಕ್ಕೂಟ ಕಾನೂನು ಕೊಡುವುದು 12 ವಾರಗಳ ಸಂಬಳರಹಿತ ರಜೆಯನ್ನು ಮಾತ್ರ. ಅದೂ 50 ಅಥವಾ ಹೆಚ್ಚು ನೌಕರರಿರುವ ಕಡೆ, ಒಂದು ವರ್ಷ ದುಡಿದವರಿಗೆ. ಹೋಟೆಲಿನ ಕೋಣೆಗಳನ್ನು ಗುಡಿಸುವ ಹೆಣ್ಣುಮಗಳು ಸಂಬಳವಿಲ್ಲದೆ ಮೂರು ತಿಂಗಳ ಬಾಡಿಗೆಯನ್ನು ಎಲ್ಲಿಂದ ತಂದಾಳು?

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಜಗತ್ತಿನ ಗಮನ ಸೆಳೆಯಿತು. 1620 ಹೆಂಗಸರು ಅದರಲ್ಲಿ ಪಾಲ್ಗೊಂಡಿದ್ದರು. ಹೆರಿಗೆಯಾದೊಡನೆ ಹಳ್ಳಿಯ ನರ್ಸಮ್ಮನೇ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ನುಂಗಿಸಿದಾಗ ಅತಿಯಾದ ರಕ್ತಸ್ರಾವದ ಪ್ರಮಾಣ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಈ ಮಾತ್ರೆಗೆ ಶೀತಪೆಟ್ಟಿಗೆ ಬೇಡ, ಸೂಜಿ ಬೇಡ. ಸಮಯಕ್ಕೆ ಸರಿಯಾಗಿ ಬಳಿಯಲ್ಲಿರುವ, ತರಬೇತಿ ಪಡೆದ ಒಬ್ಬ ಹೆಣ್ಣುಮಗಳು ಬೇಕು.

ಇಂಥ ಜ್ಞಾನ ನಮ್ಮಲ್ಲೇ ಹುಟ್ಟಿದರೂ 2018-20ರ ಅಂಕಿಅಂಶಗಳಲ್ಲಿ ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದ ತಾಯಂದಿರ ಮರಣ ಪ್ರಮಾಣ 69 ಇತ್ತು, ಕೇರಳದಲ್ಲಿ 19. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಕೆಲವೇ ವಾರಗಳಲ್ಲಿ ತೀರಿಕೊಂಡದ್ದು ನಾಡನ್ನೇ ನಡುಗಿಸಿತು. ಅವರಿಗೆ ನೀಡಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿತು. ಸರ್ಕಾರ ತನಿಖೆಗೆ ಆಜ್ಞಾಪಿಸಿತು. ಸರ್ಕಾರಿ ಆಸ್ಪತ್ರೆಯನ್ನೇ ನಂಬಿ ಬಂದ ಮನೆಗಳಿಗೆ ಬೇರೆ ದಾರಿ ಇರಲಿಲ್ಲವೆಂಬುದನ್ನು ನಾವು ಮರೆಯಲಾಗದು.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2017ರ ಅಕ್ಟೋಬರಿನಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸಿತು. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟಬಾರದೆಂಬ ಪದ್ಧತಿಯಿರುವ ಮನೆಗಳಿಂದ ಆಕೆ ಊಟಕ್ಕಾಗಿ ಅಂಗನವಾಡಿಗೆ ನಡೆದು ಬರುವುದೆಂತು? ಅನ್ನದ ಜೊತೆಗೆ ಅದನ್ನು ಮನೆಗೆ ಒಯ್ಯುವ ಕೈಯೂ ಬೇಕು. ನಮ್ಮ ಹಿರಿಯರ ಬಾಣಂತನದ ತಿರುಳು ಇದೇ: ತಾಯಿಯ ಬಳಿಗೆ ಇತರರು ಬರುವುದು. ನೀರು ಕುಡಿಸದಿರುವಂಥ ತಪ್ಪು ನಂಬಿಕೆಗಳನ್ನು ಬಿಟ್ಟು ಈ ತಿರುಳನ್ನು ಉಳಿಸಿಕೊಳ್ಳಬೇಕು.

ನಾವೇನು ಮಾಡಬಹುದು? ಮೊದಲನೆಯದು, ತೊಟ್ಟಿಲು ನೋಡಲು ಹೋದಾಗ ತಾಯಿಯನ್ನೂ ವಿಚಾರಿಸೋಣ. ವಿಪರೀತ ತಲೆನೋವು, ಎದೆನೋವು, ಉಸಿರಾಟದ ತೊಂದರೆ, ಜ್ವರ, ನಿಲ್ಲದ ರಕ್ತಸ್ರಾವ, ಬದುಕೇ ಬೇಡವೆಂಬ ಮಾತು ಕಂಡುಬಂದರೆ "ಬಾಣಂತಿಗೆ ಇದೆಲ್ಲ ಸಹಜ" ಎನ್ನದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯೋಣ. ಎರಡನೆಯದು, ಮೆಡಿಕೇಡ್ ಈಗ ವರ್ಷಪೂರ್ತಿ ಇದೆಯೆಂಬುದನ್ನು ತಿಳಿಯದವರಿಗೆ ತಿಳಿಸೋಣ. ನೆರೆಯ ಬಡ ತಾಯಿಗೆ ಒಂದು ಹೊತ್ತಿನ ಊಟವನ್ನೋ ಆಸ್ಪತ್ರೆಗೆ ಕಾರಿನ ಸವಾರಿಯನ್ನೋ ಒದಗಿಸೋಣ.

ಮೂರನೆಯದು ನಮ್ಮೂರಿಗೆ ಸಂಬಂಧಿಸಿದ್ದು. ಭಾರತದಲ್ಲಿ 2017ರ ತಿದ್ದುಪಡಿ 26 ವಾರಗಳ ಸಂಬಳಸಹಿತ ಹೆರಿಗೆ ರಜೆಯನ್ನು ಕೊಟ್ಟಿದ್ದು ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ದುಡಿಯುವವರಿಗೆ. ಊರಿನಲ್ಲಿ ನಮ್ಮ ವೃದ್ಧ ತಂದೆತಾಯಿಯರ ಮನೆಯ ಪಾತ್ರೆ ತೊಳೆಯುವ, ಅವರಿಗೆ ಹೊತ್ತಿಗೆ ಸರಿಯಾಗಿ ಅಡುಗೆ ಮಾಡಿ ಬಡಿಸುವ ಹೆಣ್ಣುಮಗಳಿಗೆ ಅದು ದೊರೆಯದು. ಆಕೆಯ ಸಂಬಳ ಬಹುಪಾಲು ಇಲ್ಲಿಂದಲೇ ಹೋಗುತ್ತದೆ. ಆಕೆಗೆ ಹೆರಿಗೆಯಾದಾಗ ಮೂರು ತಿಂಗಳ ಸಂಬಳವನ್ನು ಕೊಟ್ಟು, ಕೆಲಸವನ್ನು ಉಳಿಸಿಟ್ಟು, ಮನೆಯಲ್ಲಿ ವಿಶ್ರಮಿಸಿಕೊಳ್ಳಮ್ಮ ಎನ್ನಲು ಯಾವ ಕಾನೂನಿಗೂ ಕಾಯಬೇಕಾಗಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ನಾವು ಪ್ರೀತಿಯಿಂದ ಮಾಡುವ ಬಾಣಂತನ ನಮ್ಮ ಮನೆಗಾಗಿ ದುಡಿಯುವವರಿಗೂ ಸಲ್ಲಲಿ ಎಂದು ಕೇಳಿಕೊಳ್ಳುತ್ತೇನೆ.