ಶುಗರ್ ಇಲ್ಲ, ಬಿಪಿ ಇಲ್ಲ, ಕಿಡ್ನಿಯೂ ಇಲ್ಲ

ಇವತ್ತು ರಾಜಕೀಯ ಬೇಡ. ಪಕ್ಕದ ಆಂಧ್ರಕ್ಕೆ ಹೋಗಿಬರೋಣ.

ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ. ತೆಂಗು, ಗೋಡಂಬಿ, ಹಲಸು, ಪಕ್ಕದಲ್ಲೇ ಸಮುದ್ರ. ಕವಿಟಿ, ಸೋಂಪೇಟ, ಪಲಾಸ ಸುತ್ತಲಿನ ಹಳ್ಳಿಗಳಲ್ಲಿ ದಶಕಗಳಿಂದ ಜನ ಕಿಡ್ನಿ ಹಾಳಾಗಿ ಸಾಯ್ತಿದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ಶುಗರ್ ಇಲ್ಲ, ಮೊದಲಿಂದ ಬಿಪಿಯೂ ಇರಲಿಲ್ಲ. ಮತ್ತೆ ಯಾಕೆ?

ನಾನು ಓದಿದ್ದು ಇಂಜಿನಿಯರಿಂಗ್. ಯಂತ್ರದ ಭಾಷೆಯಲ್ಲೇ ಹೇಳ್ತೀನಿ, ಡಾಕ್ಟರುಗಳು ಕ್ಷಮಿಸಬೇಕು. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳು. ಪ್ರತಿಯೊಂದರಲ್ಲೂ ಮೊದಲು ಗ್ಲೊಮೆರುಲಸ್ ಅನ್ನೋ ಜಾಲರಿ, ಆಮೇಲೆ ಉದ್ದದ ನಳಿಕೆ. ಜಾಲರಿಗಳೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ನಳಿಕೆಗಳು ಅದರಲ್ಲಿ ಒಂದೆರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ರಕ್ತಕ್ಕೆ ವಾಪಸ್ ಕೊಡುತ್ತವೆ.

ಶುಗರ್ ಇದ್ದವರಲ್ಲಿ ಸಾಮಾನ್ಯವಾಗಿ ಮೊದಲು ಕೆಡೋದು ಜಾಲರಿ. ಅದು ದಪ್ಪಗಾಗಿ, ಸೋರಿ, ಮೂತ್ರದಲ್ಲಿ ಆಲ್ಬುಮಿನ್ ಕಾಣುತ್ತೆ. ಲ್ಯಾಬಿನವರಿಗೆ ಸಿಕ್ಕಿಬೀಳುತ್ತೆ. ಉದ್ದಾನಂ ಕಾಯಿಲೆ ಹಾಗಲ್ಲ. ಇಲ್ಲಿ ಏಟು ಬೀಳೋದು ನಳಿಕೆಗೆ, ಅದರ ಸುತ್ತಲಿನ ಜಾಗಕ್ಕೆ. ಆ ಜಾಗ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತಾ ಹೋಗುತ್ತೆ, ಕಿಡ್ನಿ ಮುದುಡಿ ಸಣ್ಣದಾಗುತ್ತೆ. ಮೂತ್ರದಲ್ಲಿ ಪ್ರೋಟೀನ್ ಕಮ್ಮಿ, ಕಾಲು ಊದಿಕೊಳ್ಳೋದೂ ತಡವಾಗಿ. ರಕ್ತದ ಕ್ರಿಯಾಟಿನಿನ್ ಎದ್ದು ಕಾಣುವಷ್ಟು ಏರೋ ಹೊತ್ತಿಗೆ ಅರ್ಧದಷ್ಟು ಕೆಲಸ ನಿಂತುಹೋಗಿರುತ್ತೆ!

ಅಂತರ್ಜಲ, ಕೀಟನಾಶಕ, ಭಾರಲೋಹ, ನೋವಿನ ಮಾತ್ರೆ, ಬಿಸಿಲಲ್ಲಿ ನೀರಿಲ್ಲದ ದುಡಿಮೆ, ಎಲ್ಲದರ ಮೇಲೂ ಅನುಮಾನವಿದೆ. ಇದೇ ಅಂತ ಯಾವುದೂ ಸಾಬೀತಾಗಿಲ್ಲ. ಶ್ರೀಲಂಕಾದ ಅನುರಾಧಪುರದ ಭತ್ತದ ರೈತರದ್ದೂ, ನಿಕರಾಗುವಾ, ಎಲ್ ಸಾಲ್ವಡಾರ್‌ನ ಕಬ್ಬು ಕಡಿಯುವವರದ್ದೂ ಇಂಥದ್ದೇ ಕಥೆ. ಎಲ್ಲರೂ ಬಿಸಿಲಲ್ಲಿ ದುಡಿಯೋ ಬಡವರು. ಸಾಹೇಬರ ಎಸಿ ರೂಮಿನೊಳಗೆ ಈ ಕಾಯಿಲೆ ಹೋಗಿದ್ದಿದ್ರೆ ಕಾರಣ ಇಷ್ಟೊತ್ತಿಗೆ ಸಿಗ್ತಿತ್ತೇನೋ.

2023ರ ಡಿಸೆಂಬರ್‌ನಲ್ಲಿ ಪಲಾಸದಲ್ಲಿ ಕಿಡ್ನಿ ಸಂಶೋಧನಾ ಆಸ್ಪತ್ರೆ ಆಯ್ತು, ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆಯೂ ಬಂತು. ಒಳ್ಳೇದೇ. ಆದ್ರೆ ಡಯಾಲಿಸಿಸ್ ಅಂದ್ರೆ ವಾರಕ್ಕೆ ಎರಡು ಮೂರು ದಿನ, ಪ್ರತಿಸಲ ನಾಲ್ಕು ಗಂಟೆ. ಉಚಿತ ಅಂತ ಬೋರ್ಡ್ ಹಾಕ್ತೀವಿ. ರೋಗಿಯ ಕೂಲಿ? ಜೊತೆಗೆ ಬಂದ ಹೆಂಡ್ತಿ ಕೂಲಿ?

ಈಗ ನಮ್ಮ ಕಡೆ ನೋಡಿ. ಶುಗರ್ ಇದ್ದವರಿಗೆ ಕ್ರಿಯಾಟಿನಿನ್ ಟೆಸ್ಟ್ ಬರೆದುಕೊಡ್ತಾರೆ. ಇಡೀ ದಿನ ಬಿಸಿಲಲ್ಲಿ ಕಬ್ಬು ಕಡಿದು, ಸಂಜೆ ಮೈಕೈ ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗೋನಿಗೆ ಯಾರು ಬರೆದುಕೊಡ್ತಾರೆ? ಆರೋಗ್ಯ ಇಲಾಖೆಗೆ ನನ್ನ ಪ್ರಶ್ನೆ ಇದೊಂದೇ. ಉತ್ತರ ಬಂದ್ರೆ ಇದೇ ಹೊತ್ತಿಗೆ, ಇಲ್ಲೇ ಓದ್ತೀನಿ.