ಮಗುವಿನ ಹಣ, ನಮ್ಮ ಜವಾಬ್ದಾರಿ
(ತುಮಕೂರಿನಲ್ಲಿ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ಗುಬ್ಬಿಯಿಂದ ಬಂದಿದ್ದೀರಿ. ಕುಣಿಗಲ್‌ನಿಂದಲೂ ಬಂದಿದ್ದೀರಿ. ಇವತ್ತು ಜೀವನಾಂಶದ ಮಾತು ಆಡೋಣ. ಗಂಡ ಬಿಟ್ಟುಹೋದರೂ ಮಗುವಿನ ಹೊಟ್ಟೆ ಬಿಟ್ಟುಹೋಗುತ್ತದೆಯೇ? ಊಟ, ಬಟ್ಟೆ, ಶಾಲೆ, ಔಷಧಿಗೆ ತಂದೆ ಹಣ ಕೊಡಲೇಬೇಕು. ಅದೇ ಜೀವನಾಂಶ. ತಾಳಿ ಕಟ್ಟದೆ ಹುಟ್ಟಿದ ಮಗುವಿಗೂ ಈ ಹಕ್ಕು ಉಂಟು.

ಮೊದಲು ಇದಕ್ಕೆ 125ನೇ ಕಲಮು ಅನ್ನುತ್ತಿದ್ದರು. 2024ರ ಜುಲೈ 1ರಿಂದ ಹೊಸ ಕಾನೂನಿನ 144ನೇ ಕಲಮು ಆಗಿದೆ. 2001ರವರೆಗೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. ಈಗ ಆ ಮಿತಿ ಇಲ್ಲ.

ಕೆಲವು ಹೊರದೇಶಗಳಲ್ಲಿ ತಂದೆಯಿಂದ ಹಣ ವಸೂಲಿ ಮಾಡಿ ಮಗುವಿಗೆ ತಲುಪಿಸುವ ಸರ್ಕಾರಿ ಕಚೇರಿಯೇ ಇದೆ. ನಮ್ಮಲ್ಲಿ ಇಲ್ಲ. ನಮಗಿರುವುದು ಕೋರ್ಟು. ಜೊತೆಗೆ ಕಾನೂನು ಸೇವೆಯ ಕಚೇರಿ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಗುಬ್ಬಿ, ಕುಣಿಗಲ್ ಕೋರ್ಟಿನಲ್ಲಿ ತಾಲ್ಲೂಕು ಸಮಿತಿ ಇದೆ. 1987ರ ಕಾನೂನಿನಂತೆ ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ. ವರಮಾನ ಎಷ್ಟಿದ್ದರೂ ಸರಿ.

ವಕೀಲರು ಪುಕ್ಕಟೆ ಸಿಕ್ಕರೆ ಕೆಲಸ ಮುಗಿಯಿತೇ? ಇಲ್ಲ ಕಣವ್ವ. ನಮ್ಮ ಮನೆ ಕೋರ್ಟಿಗೆ ಗೊತ್ತಿಲ್ಲ. ನಾವು ಹೇಳಿದ್ದು, ಕಾಗದದಲ್ಲಿ ಇರುವುದು, ಅಷ್ಟೇ ಅದಕ್ಕೆ ಗೊತ್ತು.

ನನ್ನ ಕತೆ ಹೇಳುತ್ತೇನೆ. ನನ್ನ ಮಗನಿಗೆ ತಿಂಗಳಿಗೆ ಇಷ್ಟು ಅಂತ ಆದೇಶ ಆಯಿತು. ನಾಲ್ಕು ತಿಂಗಳು ಅವನಪ್ಪ ಕೈಗೆ ಕೊಟ್ಟ. ಆಮೇಲೆ ನಿಲ್ಲಿಸಿದ. "ಸುಗ್ಗಿ ಆಗಲಿ ಕೊಡ್ತಾನೆ, ಸುಮ್ಮನಿರು" ಅಂದರು ಮನೆಯವರು. ನಾನೂ ಸುಮ್ಮನಿದ್ದೆ. ಆದೇಶದ ಕಾಗದ ಟ್ರಂಕಿನಲ್ಲಿ ಸೀರೆ ಕೆಳಗೆ ಮಡಿಸಿಟ್ಟಿದ್ದೆ. ನನಗೆ ಆಗ ಓದು ಬರುತ್ತಿರಲಿಲ್ಲ. ಮೂರು ವರ್ಷ ಆದ ಮೇಲೆ ವಕೀಲರ ಹತ್ತಿರ ಹೋದೆ. ಅವರು ಹೇಳಿದ ಮಾತಿಗೆ ಎದೆ ಒಡೆಯಿತು. ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕಂತೆ! ಕೊನೆಯ ಹನ್ನೆರಡು ತಿಂಗಳ ಬಾಕಿಗೆ ಮಾತ್ರ ಅರ್ಜಿ ಹಾಕಿದೆ. ಉಳಿದ ಎರಡು ವರ್ಷದ್ದು ಹೋಯಿತು. ಅದು ನನ್ನ ಮಗ ಹೈಸ್ಕೂಲಿಗೆ ಹೋಗಬೇಕಾದ ಕಾಲ. ಅವನು ಗ್ಯಾರೇಜಿಗೆ ಹೋದ.

ಅದಕ್ಕೇ ಹೇಳುವುದು. ಎರಡು ತಿಂಗಳು ಹಣ ಬರಲಿಲ್ಲವೇ? ಮೂರನೆಯ ತಿಂಗಳು ಕೋರ್ಟಿಗೆ ಹೋಗಿ. ಕೊಡದವನಿಗೆ ವಾರಂಟು ಬರುತ್ತದೆ. ಜೈಲೂ ಆಗಬಹುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ.

ಹಣ ಕೈಗೆ ಬೇಡ, ಬ್ಯಾಂಕಿಗೆ ಹಾಕಿಸಿ. ಪಾಸ್‌ಬುಕ್ಕೇ ಸಾಕ್ಷಿ. ಮನೆ ಬದಲಾದರೆ ವಕೀಲರಿಗೆ ತಿಳಿಸಿ, ಇಲ್ಲದಿದ್ದರೆ ನೋಟೀಸು ಹಳೆ ಬಾಗಿಲಿಗೆ ಹೋಗುತ್ತದೆ. ಕೋರ್ಟಿನ ದಿನ ತಪ್ಪಿಸಬೇಡಿ. ಕೂಲಿ ಹೋಗುತ್ತದೆ, ನಿಜ. ಆದರೆ ನಾವು ಹೋಗದಿದ್ದರೆ ಅರ್ಜಿಯೇ ವಜಾ ಆಗಬಹುದು.

ಇನ್ನು ಆಸ್ತಿ, ವರಮಾನದ ಪ್ರಮಾಣಪತ್ರ. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಗಂಡ ಹೆಂಡತಿ ಇಬ್ಬರೂ ಕೊಡಬೇಕು ಅಂದಿದೆ. ಅವನು ಅಡಿಕೆ ತೋಟ ಮುಚ್ಚಿಡುವಂತಿಲ್ಲ. ನಾವು ಗಾರ್ಮೆಂಟ್ಸ್ ಸಂಬಳ ಮುಚ್ಚಿಡುವಂತಿಲ್ಲ. ನಾವು ದುಡಿಯುತ್ತೇವೆ ಅಂತ ಮಗುವಿನ ಹಕ್ಕು ಹೋಗುವುದಿಲ್ಲ. ಸುಳ್ಳು ಬರೆಸಿದರೆ ಮಾತ್ರ ಕೇಸು ಕೆಡುತ್ತದೆ. ಓದಿ, ಆಮೇಲೆ ಸಹಿ ಹಾಕಿ. ಅಕ್ಷರ ಕಲಿತದ್ದು ಇದಕ್ಕಲ್ಲವೇ?

ಇನ್ನೊಂದು. "ನಿಮ್ಮಪ್ಪನ ಹತ್ತಿರ ದುಡ್ಡು ಕೇಳು" ಅಂತ ಮಗುವನ್ನು ಕಳಿಸಬೇಡಿ. ನಾನು ಕಳಿಸಿದ್ದೆ. ಅವನು ಅಳುತ್ತಾ ವಾಪಸ್ಸು ಬಂದ.

ಕಾನೂನು ಸೇವೆಯ ಫೋನ್ ನಂಬರು 15100. ಪುಸ್ತಕದ ಹಿಂದಿನ ಹಾಳೆಯಲ್ಲಿ ಈಗಲೇ ಬರೆದುಕೊಳ್ಳಿ. ಆದೇಶದ ಕಾಗದ ತಂದವರು ಇಲ್ಲೇ ಇರಿ, ಕೂತು ಓದೋಣ. ಕುಣಿಗಲ್ ಬಸ್ಸಿಗೆ ಹೋಗುವವರದು ಮೊದಲು.