ಓಟಗಾರನಿಗೆ ಯೋಗಾಭ್ಯಾಸ



ದೇವನಹಳ್ಳಿಯ ಕೋಟೆಯ ಸುತ್ತಲೂ, ಅಲ್ಲಿಂದ ನಂದಿಬೆಟ್ಟದ ಕಡೆಗೆ ಸಾಗುವ ಹಾದಿಯಲ್ಲಿಯೂ ಸೂರ್ಯೋದಯಕ್ಕೆ ಮೊದಲೇ ಓಡುವ ತರುಣ ತರುಣಿಯರನ್ನು ಕಂಡಾಗಲೆಲ್ಲ ಮನಸ್ಸು ಹಿಗ್ಗುತ್ತದೆ. ಇವರು ಓಟ ಮುಗಿದೊಡನೆ ಬೆವರೊರಸಿಕೊಂಡು ಹೊರಟುಬಿಡದೆ ಕಾಲು ಗಂಟೆಯನ್ನಾದರೂ ಯೋಗಾಸನಕ್ಕೆ ಮೀಸಲಿಟ್ಟರೆ ಎಷ್ಟು ಲೇಸು ಎಂಬ ಆಸೆಯೂ ಅದರೊಡನೆಯೇ ಮೂಡುತ್ತದೆ.

ಓಟವು ದೇಹವನ್ನು ಒಂದೇ ದಿಕ್ಕಿನಲ್ಲಿ ದುಡಿಸತಕ್ಕ ವ್ಯಾಯಾಮ. ಹೆಜ್ಜೆಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಪಾದದ ಮೇಲೆರಗುತ್ತದೆ. ಏರಿನಲ್ಲಿ ಮೀನಖಂಡ, ಇಳಿಜಾರಿನಲ್ಲಿ ತೊಡೆಯ ಮುಂಭಾಗ ವಿಶೇಷವಾಗಿ ದಣಿಯುತ್ತವೆಂಬುದು 1478 ಮೀಟರ್ ಎತ್ತರದ ನಂದಿಯನ್ನು ಓಡುತ್ತ ಏರಿಳಿದವರಿಗೆಲ್ಲ ಅನುಭವವೇದ್ಯ. ಹೀಗೆ ದುಡಿದ ಸ್ನಾಯುಗಳು ಬಿಗಿದುಕೊಂಡು, ಸೊಂಟದ ಸಂಧಿಯ ಚಲನೆ ಕುಗ್ಗಿದರೆ, ಆ ಕೊರತೆಯನ್ನು ಮೊಣಕಾಲೋ ಬೆನ್ನೋ ತುಂಬಿಕೊಡಬೇಕಾಗುತ್ತದೆ; ನೋವಿನ ಬೀಜ ಬೀಳುವುದು ಅಲ್ಲಿ.

ಈ ಬಿಗಿತವನ್ನು ಸಡಿಲಿಸಲು ಆಸನಗಳು ನೆರವಾಗುತ್ತವೆ; ಸುಪ್ತ ಪಾದಾಂಗುಷ್ಠಾಸನವನ್ನೇ ನೋಡಿ. ಅಂಗಾತ ಮಲಗಿ, ಬಲಗಾಲನ್ನು ನೆಟ್ಟಗೆ ಮೇಲೆತ್ತಿ, ಮಡಿಸಿದ ಪಂಚೆಯೊಂದನ್ನು ಅಂಗಾಲಿಗೆ ಹಾಯಿಸಿ, ಅದರ ಎರಡು ತುದಿಗಳನ್ನೂ ಕೈಗಳಲ್ಲಿ ಹಿಡಿಯಬೇಕು. ಮೊಣಕಾಲು ಮಡಿಯಬಾರದು, ಎಡದೊಡೆ ನೆಲವನ್ನು ಬಿಡಬಾರದು. ಭುಜದ ಬಲದಿಂದ ಕಾಲನ್ನು ಸೆಳೆಯದೆ, ಒಂದೊಂದು ನಿಶ್ವಾಸದೊಡನೆ ತೊಡೆಯ ಹಿಂಬದಿ ತಾನಾಗಿ ಸಡಿಲಗೊಳ್ಳುವವರೆಗೆ ಕಾಯಬೇಕು. ಬಳಿಕ ಎಡಗಾಲನ್ನೆತ್ತಿದಾಗ, ಎರಡರಲ್ಲಿ ಯಾವುದು ಹೆಚ್ಚು ಬಿಗಿದಿದೆಯೆಂಬುದು ಓಟಗಾರನಿಗೆ ತಾನೇ ತಿಳಿಯುತ್ತದೆ. ಈ ಆತ್ಮಪರೀಕ್ಷೆಯೇ ಯೋಗದ ಮಹೋಪಕಾರ.

ಈ ವಿದ್ಯೆ ನಮ್ಮ ನೆರೆಯಲ್ಲೇ ಬೆಳೆದದ್ದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, ಬಾಲ್ಯದಲ್ಲಿ ರೋಗಗಳಿಂದ ಕೃಶರಾಗಿದ್ದ ಬಿ.ಕೆ.ಎಸ್. ಅಯ್ಯಂಗಾರ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಯೋಗಶಾಲೆ ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಕಲಿತು, 1937ರಲ್ಲಿ ಪುಣೆಗೆ ತೆರಳಿದರು. ಬಿಗಿದ ಮೈಯವರಿಗೂ ಆಸನ ಸಾಧ್ಯವಾಗಲೆಂದು ಪಟ್ಟಿ, ದಿಮ್ಮಿ, ಕಂಬಳಿಗಳನ್ನು ಬಳಕೆಗೆ ತಂದ ಅವರ ಕ್ರಮ ಕ್ರೀಡಾಪಟುಗಳಿಗೆ ವಿಶೇಷವಾಗಿ ಸಲ್ಲುತ್ತದೆ.

ಉಳಿದ ಆಟಗಾರರಿಗೂ ಇದರ ಫಲ ಕಡಮೆಯದಲ್ಲ. ವೃಕ್ಷಾಸನ ಒಂಟಿಕಾಲಿನ ಸಮತೋಲವನ್ನೂ, ಅಧೋಮುಖ ಶ್ವಾನಾಸನ ಚೆಂಡೆಸೆಯುವವನ ಭುಜಕ್ಕೆ ಸ್ಥೈರ್ಯವನ್ನೂ, ಪ್ರಾಣಾಯಾಮ ಸ್ಪರ್ಧೆಗೆ ಮುನ್ನಿನ ಉದ್ವೇಗಕ್ಕೆ ಉಪಶಮನವನ್ನೂ ಕೊಡುತ್ತವೆ. ಆದರೆ ಕ್ರಮ ತಪ್ಪಬಾರದು: ವೇಗದ ಓಟಕ್ಕೆ ಮೊದಲು ಸೂರ್ಯನಮಸ್ಕಾರದಂತಹ ಚಲನಶೀಲ ಅಭ್ಯಾಸ ಸಾಕು, ದೀರ್ಘಕಾಲ ನಿಲ್ಲಬೇಕಾದ ಆಸನಗಳು ಓಟ ಮುಗಿದ ಬಳಿಕ. ಯೋಗವು ಓಟದ ತರಬೇತಿಗೆ ಬದಲಿಯಲ್ಲ. ಆ ತರಬೇತಿಯನ್ನು ಬಹುಕಾಲ ತಾಳುವ ಶರೀರವನ್ನು ಅದು ಸಿದ್ಧಗೊಳಿಸುತ್ತದೆ.

ಆದುದರಿಂದ, ಮಕ್ಕಳನ್ನು ಓಟದ ಪಂದ್ಯಗಳಿಗೆ ಅಣಿಗೊಳಿಸುವ ನಮ್ಮ ಶಾಲೆಗಳ ವ್ಯಾಯಾಮ ಶಿಕ್ಷಕರು ಯೋಗವನ್ನು ಜೂನ್ 21ರ ಯೋಗ ದಿನದ ಉತ್ಸವಕ್ಕಷ್ಟೇ ಸೀಮಿತಗೊಳಿಸದೆ, ಪ್ರತಿದಿನದ ಅಭ್ಯಾಸದಲ್ಲಿ ಸೇರಿಸಿಕೊಳ್ಳಬೇಕೆಂದು ವಿನಯಪೂರ್ವಕವಾಗಿ ವಿಜ್ಞಾಪಿಸಿಕೊಳ್ಳುತ್ತೇನೆ.